ಎರಡು ಬೆರಳಿನ ತೂಕ

ಮಾವ ಬಿಸಿ ಟೀ ಕುಡಿದದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡವರಿಲ್ಲ. ಟೀ ಎಂದರೆ ಅವರಿಗೆ ಪ್ರಾಣ, ಅದು ಬೇರೆ ಮಾತು. ಆದರೆ ವಿಮಾನ ರಿಪೇರಿ ಕಲಿಸುವ ಆ ಶಾಲೆಗೆ ಕ್ಯಾಂಟೀನಿನ ಟೀ ಬರುವುದು ಬೆಳಿಗ್ಗೆ ಹತ್ತೂವರೆಗೆ, ಮಾವನ ತರಗತಿಯಲ್ಲಿ ಎಂಜಿನ್ನು ಮೇಲೇಳುವುದೂ ಸರಿಯಾಗಿ ಹತ್ತೂವರೆಗೆ. ಭಾರ ಗಾಳಿಯಲ್ಲಿ ತೂಗುತ್ತಿರುವಾಗ ಅವರು ಕೂರುವುದಿಲ್ಲ, ಏನನ್ನೂ ಬಾಯಿಗೆ ಹಾಕಿಕೊಳ್ಳುವುದಿಲ್ಲ, ಯಾರೇ ಕೂಗಿದರೂ ತಿರುಗುವುದಿಲ್ಲ. ಲೋಟ ಕಿಟಕಿಯ ಕಟ್ಟೆಯ ಮೇಲೆ ಕೂತು ಕೆನೆಗಟ್ಟುತ್ತದೆ. ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆ ಮಾವ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ತಣ್ಣಗಾದ ಟೀಯನ್ನು ಕಷಾಯದಂತೆ ಒಂದೇ ಗುಟುಕಿಗೆ ಇಳಿಸುತ್ತಾರೆ. ತರಗತಿಯನ್ನು ಹನ್ನೊಂದಕ್ಕೆ ಇಟ್ಟುಕೊಳ್ಳಬಾರದೇ ಎಂದು ಕೇಳಿದವರಿಗೆ, ಟೀಗೋಸ್ಕರ ವಿಮಾನ ಕಾಯಬೇಕೇ ಎಂದು ಅವರೇ ತಿರುಗಿಸಿ ಕೇಳುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

ಆದರೆ ಒಂದು ಮಾತನ್ನು ಯಾರಾದರೂ ಒಪ್ಪಲೇಬೇಕು. ಇಪ್ಪತ್ತೆರಡು ವರ್ಷದಲ್ಲಿ ಆ ಶೆಡ್ಡಿನಲ್ಲಿ ಒಬ್ಬ ವಿದ್ಯಾರ್ಥಿಯ ಒಂದು ಉಗುರೂ ಜಜ್ಜಿಲ್ಲ. ಎಂಜಿನ್ನನ್ನು ಎತ್ತುವ ಸಲಕರಣೆಯನ್ನು ಮಾಡಿದವರೂ ಮಾವನೇ. ಏಳು ತೂತುಗಳ ಒಂದು ಕಬ್ಬಿಣದ ಪಟ್ಟಿ, ಅದರ ಎರಡು ತುದಿಗೆ ಎರಡು ಸರಪಳಿ, ಮೇಲೊಂದು ರಾಟೆ, ಅಷ್ಟೇ. ಏಳರಲ್ಲಿ ಯಾವ ತೂತಿಗೆ ಕೊಕ್ಕೆ ಹಾಕಿದರೆ ಎಂಜಿನ್ನು ವಾಲದೆ ಮಟ್ಟವಾಗಿ ಏಳುತ್ತದೆ ಎಂಬುದು ಮಾತ್ರ ಅವರೊಬ್ಬರಿಗೇ ಗೊತ್ತು. ಹೊಸ ನಿಯಮಗಳು ಬಂದಾಗ ತಪಾಸಣೆ ಅಧಿಕಾರಿ, ಇಂಥ ಪಟ್ಟಿಗೆ ಪ್ರಮಾಣಪತ್ರ ಕೊಡಲು ಬರುವುದಿಲ್ಲ, ಹೊಸದು ಮಾಡಿಸದಿದ್ದರೆ ಈ ಪಾಠವನ್ನೇ ನಿಲ್ಲಿಸಿ ಎಂದರು. ಊರಲ್ಲಿ ಎತ್ತುವ ಸಲಕರಣೆಗಳನ್ನು ಮಾಡುವ ಕಾರ್ಖಾನೆ ಇದ್ದದ್ದು ಒಂದೇ. ಅಲ್ಲಿ ನಕ್ಷೆ ಬರೆಯುವವಳು ಮಾವನ ಸೊಸೆ. ಮಾವ ಕಟ್ಟಿದ್ದನ್ನು ಸೊಸೆ ಬಿಚ್ಚುವುದು ಎಲ್ಲ ಮನೆಯಲ್ಲೂ ಇದ್ದದ್ದೇ ಎಂದು ಅತ್ತೆ ನಕ್ಕರು.

ಮಾವನಿಗೆ ಸಿಟ್ಟು ಬರುತ್ತದೇನೋ ಎಂದು ಸೊಸೆ ಅಳುಕಿದ್ದಳು. ಬರಲಿಲ್ಲ. ಅವರ ಬಲ ಭುಜ ಸವೆದುಹೋಗಿತ್ತು. ಊಟದ ತಟ್ಟೆಯಿಂದ ಬಾಯಿಗೆ ಕೈ ಎತ್ತುವಾಗಲೂ ಹುಬ್ಬು ಗಂಟಿಕ್ಕುತ್ತಿತ್ತು. ಆಪರೇಷನ್ ಆಗಬೇಕು, ಆಮೇಲೆ ಆರು ತಿಂಗಳು ಆ ಕೈಯಲ್ಲಿ ಏನನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ಮಾವ ಹೋಗಿರಲಿಲ್ಲ. ಆರು ತಿಂಗಳು ತರಗತಿಯನ್ನು ಯಾರ ಕೈಗೆ ಕೊಡುವುದು ಎಂಬ ಒಂದೇ ಹಟ. ಮೂರನೇ ಸಲವೂ ತಪ್ಪಿಸಿದರೆ ಆ ತೋಳು ಜನ್ಮಕ್ಕೆ ಮೇಲೇಳದು ಎಂದು ಡಾಕ್ಟರು ಅತ್ತೆಯ ಎದುರಿಗೇ ಗದರಿದ್ದರು.

ಮಾವ ಸೊಸೆಯನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು. "ನಾನು ಇಲ್ದೇ ಇದ್ದಾಗಲೂ ಒಂದು ಉಗುರು ಜಜ್ಜಬಾರದು. ಅಂಥದ್ದು ಮಾಡಿಕೊಡು. ಮಾರನೇ ದಿನವೇ ಹೋಗಿ ಆಸ್ಪತ್ರೆ ಮಂಚದ ಮೇಲೆ ಮಲಗ್ತೀನಿ."

ಹೀಗೆ ಮಾವನ ತೋಳು ಸೊಸೆಯ ಪೆನ್ಸಿಲ್ಲಿನ ತುದಿಗೆ ಬಂದು ನೇತುಬಿತ್ತು.

ಅವಳು ಎರಡು ವಾರ ಶೆಡ್ಡಿನ ಮೂಲೆಯಲ್ಲಿ ನಿಂತು ನೋಡಿದಳು. ನಿಜವಾದ ರಿಪೇರಿ ಶೆಡ್ಡಿನಲ್ಲಿ ಎಂಜಿನ್ನು ಇಳಿಯುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಅದೂ ಇಡಿಯಾಗಿ. ಇಲ್ಲಿ ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಅದೇ ಹಳೆ ವಿಮಾನದಿಂದ ಅದೇ ಎಂಜಿನ್ನು ವಾರಕ್ಕೆ ಎಂಟು ಸಲ ಇಳಿಯುತ್ತದೆ, ಎಂಟು ಸಲ ಏರುತ್ತದೆ. ಪ್ರತಿ ಸಲವೂ ಅದರ ತೂಕ ಬೇರೆ. ಇವತ್ತು ಒಂದು ತಂಡ ಸ್ಟಾರ್ಟರನ್ನು ಬಿಚ್ಚಿಟ್ಟಿರುತ್ತದೆ, ನಾಳೆ ಇನ್ನೊಂದು ತಂಡ ಹಿಂದಿನ ಪಂಪನ್ನು ತೆಗೆದಿರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ, ಕೊನೆಯ ಬೋಲ್ಟು ಹೊರಬಂದ ಕ್ಷಣ ಎಂಜಿನ್ನು ಒಮ್ಮೆ ಮುಂದಕ್ಕೆ ಮುಗ್ಗರಿಸುತ್ತದೆ, ಒಮ್ಮೆ ಹಿಂದಕ್ಕೆ ಕುಸಿಯುತ್ತದೆ. ಅದರ ಹಿಂದೆಯೇ ವಿಮಾನದ ತಗಡಿನ ಗೋಡೆ. ನಡುವೆ ಇರುವುದು ಎರಡು ಬೆರಳು ತೂರುವಷ್ಟು ಸಂದು. ವಾಲಿದ ವಸ್ತುವನ್ನು ಹಿಡಿಯಲು ಮನುಷ್ಯರು ಕೈ ಚಾಚುವುದು ಅದೇ ಸಂದಿಗೆ. ಚಾಚಬೇಡಿ ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿದರೂ ಕೈಗೆ ಓದು ಬರುವುದಿಲ್ಲವಲ್ಲ.

ಇದಕ್ಕೆಲ್ಲ ಸೊಸೆ ಉತ್ತರ ಹುಡುಕಿದಳು. ತೂತುಗಳ ಬದಲಿಗೆ ಉದ್ದನೆಯ ತಿರುಪು. ಹಿಡಿ ತಿರುಗಿಸಿದರೆ ಕೊಕ್ಕೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುತ್ತದೆ. ಕೈಬಿಟ್ಟರೂ ಭಾರ ಇದ್ದಲ್ಲೇ ನಿಲ್ಲುವ ರಾಟೆ. ಮಟ್ಟ ತೋರಿಸಲು ಗುಳ್ಳೆಯ ಗಾಜು. ಎಂಜಿನ್ನಿನ ಯಾವ ಭಾಗ ಬಿಚ್ಚಿದ್ದರೆ ತಿರುಪನ್ನು ಎಷ್ಟು ಸುತ್ತು ತಿರುಗಿಸಬೇಕೆಂದು ಒಂದು ಪಟ್ಟಿಯನ್ನೂ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿದಳು. ಕಾರ್ಖಾನೆಯ ಬೆಸುಗೆಯವನು ಹೊಸ ಸಲಕರಣೆಗೆ ಹಳದಿ ಬಣ್ಣ ಬಳಿದು, ಮದುಮಗಳ ಹಾಗೆ ಕಾಣುತ್ತಿದೆ ಎಂದ.

ತಪಾಸಣೆಯ ದಿನ ಶುಕ್ರವಾರ. ಆಪರೇಷನ್ನಿಗೆ ಸೋಮವಾರ ಗೊತ್ತಾಗಿತ್ತು. ಅತ್ತೆ ಆಗಲೇ ಆಸ್ಪತ್ರೆಗೆ ಒಯ್ಯುವ ಚೀಲ ತುಂಬಿಟ್ಟಿದ್ದರು.

ತಪಾಸಣೆ ಅಧಿಕಾರಿ ಮಾತು ಕಡಿಮೆಯ ಮನುಷ್ಯ. ಸೊಸೆಯ ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ಕೇಳಿ ಪಡೆದು, ಎಂಜಿನ್ನಿಗೂ ತಗಡಿನ ಗೋಡೆಗೂ ನಡುವಿನ ಸಂದಿನಲ್ಲಿ ಅಡ್ಡ ಸಿಕ್ಕಿಸಿದರು. ಇದು ನಿಮ್ಮ ವಿದ್ಯಾರ್ಥಿಯ ಬೆರಳು, ಇದು ಮುರಿಯದಿದ್ದರೆ ಸಹಿ ಮಾಡುತ್ತೇನೆ ಎಂದರು. ಮಾವನೂ ಸೇರಿದಂತೆ ಉಳಿದವರೆಲ್ಲ ಹಿಂದೆ ನಿಲ್ಲಬೇಕು. ಎತ್ತುವ ಸರದಿ 'ಸುತ್ತಿಗೆ'ಯದು. ಆ ವಿದ್ಯಾರ್ಥಿನಿಗೆ ಹಾಗೆ ಹೆಸರು ಬಿದ್ದದ್ದು, ಯಾವ ಕಷ್ಟಕ್ಕೂ ಅವಳ ಬಳಿ ಸುತ್ತಿಗೆಯೊಂದೇ ಮದ್ದು ಇದ್ದದ್ದರಿಂದ. ಸುತ್ತಿಗೆ ಗೋಡೆಯ ಪಟ್ಟಿ ನೋಡಿದಳು, ತಿರುಪು ತಿರುಗಿಸಿದಳು, ಮೂರು ಬೋಲ್ಟು ತೆಗೆದಳು. ನಾಲ್ಕನೆಯದು ಬಿಗಿಯಾಗಿತ್ತು. ಮರದ ಸುತ್ತಿಗೆಯಿಂದ ಎರಡು ಏಟು ಕೊಟ್ಟಳು. ಬೋಲ್ಟು ಹಾರಿಬಂತು, ಎಂಜಿನ್ನು ಒಮ್ಮೆ ಅಲುಗಿ ಹಾಗೇ ಮಟ್ಟವಾಗಿ ನಿಂತಿತು. ಪೆನ್ಸಿಲ್ಲಿಗೆ ಗೀರು ಕೂಡ ಬೀಳಲಿಲ್ಲ.

ಶೆಡ್ಡಿನಲ್ಲಿ ಚಪ್ಪಾಳೆ. ಅಧಿಕಾರಿ ಮೇಜಿನ ಮೇಲೆ ಕಾಗದ ಹರಡಿ ಪೆನ್ನು ತೆಗೆದರು. ಸೊಸೆಗೆ ನಿಂತಲ್ಲೇ ಕಣ್ಣು ಮಂಜಾಯಿತು. ಇನ್ನು ಸೋಮವಾರ ತಪ್ಪುವುದಿಲ್ಲ, ಮಾವನ ತೋಳು ಉಳಿಯಿತು ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಮಾವನನ್ನು ನೋಡಿದಳು. ಅವರು ಕಿಟಕಿಯ ಬಳಿ ನಿಂತು, ಆರಿದ ಟೀಯ ಕೆನೆ ಸರಿಸಲು ಬೆರಳು ಎತ್ತಿದ್ದರು. ಬಲಗೈಯ ತೋರುಬೆರಳು, ನಡುಬೆರಳು ಎರಡರ ತುದಿಯಲ್ಲೂ ಕಪ್ಪು ಎಣ್ಣೆ.

ಬೆಳಿಗ್ಗೆ ಅತ್ತೆಯ ಬಲವಂತಕ್ಕೆ ಒಗೆದ ಅಂಗಿ ತೊಟ್ಟು, ಕೈ ತೊಳೆದು, ಮದುವೆಗೆ ಹೊರಟವರ ಹಾಗೆ ಬಂದಿದ್ದ ಮನುಷ್ಯ. ಒಂದು ಸ್ಪ್ಯಾನರನ್ನೂ ಮುಟ್ಟಿರಲಿಲ್ಲ. ಎಲ್ಲರೂ ಪೆನ್ಸಿಲ್ಲನ್ನು ನೋಡುತ್ತಿದ್ದಾಗ, ಅವಳು ಗುಳ್ಳೆಯ ಗಾಜನ್ನು ನೋಡುತ್ತಿದ್ದಾಗ, ಮಾವ ಸದ್ದಿಲ್ಲದೆ ಮುಂದೆ ಬಂದು ಎರಡು ಬೆರಳು ಕೊಟ್ಟಿದ್ದರು. ಭಾರವೆಲ್ಲ ಕೊಕ್ಕೆಯ ಮೇಲೇ ಇರುತ್ತದೆ. ವಾಲುವುದನ್ನು ತಡೆಯಲು ಸರಿಯಾದ ಜಾಗದಲ್ಲಿ ಎರಡು ಬೆರಳು ಸಾಕು. ತಕ್ಕಡಿಯ ತಟ್ಟೆಯನ್ನು ಅಂಗಡಿಯವನು ಬೆರಳಿನಿಂದ ಒತ್ತಿದ ಹಾಗೆ. ಗೆದ್ದದ್ದು ಅವಳ ಯಂತ್ರವಲ್ಲ.

ಸುಮ್ಮನಿದ್ದರೆ ಸೋಮವಾರ ಮಾವನ ಭುಜಕ್ಕೆ ಚಿಕಿತ್ಸೆ. ಆಮೇಲೆ ಆರು ತಿಂಗಳು ಈ ಯಂತ್ರದ ಪಕ್ಕದಲ್ಲಿ ಆ ಎರಡು ಬೆರಳು ಇರುವುದಿಲ್ಲ. ಸುತ್ತಿಗೆಯ ಬೆರಳುಗಳು ಇರುತ್ತವೆ. ಸೊಸೆ ಒಂದು ಕ್ಷಣ ಸುಮ್ಮನಿದ್ದಳು, ಅದನ್ನು ಮುಚ್ಚಿಡುವುದೇಕೆ. ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು.

"ಸಹಿ ಹಾಕ್ಬೇಡಿ ಸರ್," ಅಂದಳು. "ಮಾವ ಮುಟ್ಟಿದಾರೆ."

ಮಾವನ ಮುಖ ಕೆಂಪೇರಿತು. ಇಪ್ಪತ್ತೆರಡು ವರ್ಷದಲ್ಲಿ ಅವರು ಸುಳ್ಳು ಹೇಳಿದ್ದನ್ನೂ ಯಾರೂ ಕಂಡವರಿಲ್ಲ. ತಾನು ನಿಂತ ಜಾಗ ಬಿಟ್ಟು ಕದಲಿಲ್ಲ, ಬೇಕಾದರೆ ಯಾರನ್ನಾದರೂ ಕೇಳು ಎಂದರು, ನಿಜವಾಗಿಯೂ ಹಾಗೇ ನಂಬಿ. ಸೊಸೆ ಅವರ ಕೈಯ ಕಡೆ ನೋಡಿದಳು. ಮಾವನೂ ನೋಡಿದರು. ಎಣ್ಣೆಯ ಬೆರಳುಗಳನ್ನು ಬೆಳಕಿಗೆ ಹಿಡಿದು, ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿದರು. ಆಮೇಲೆ ಆ ಮನುಷ್ಯ ಮಾಡಿದ ಕೆಲಸವನ್ನು ಸೊಸೆ ಸಾಯುವವರೆಗೂ ಮರೆಯಲಾರಳು. ನೇರವಾಗಿ ಮೇಜಿನ ಬಳಿ ಹೋಗಿ, ಆ ಎರಡು ಬೆರಳನ್ನೂ ಅಧಿಕಾರಿಯ ಕಾಗದದ ಮೇಲೆ, ಸಹಿ ಬೀಳಬೇಕಾಗಿದ್ದ ಜಾಗದಲ್ಲಿ, ಒತ್ತಿಬಿಟ್ಟರು. ಎರಡು ಕಪ್ಪು ಗುರುತು ಮೂಡಿತು.

"ಅವಳು ಹೇಳಿದ್ದು ನಿಜ," ಅಂದರು. "ನನ್ನನ್ನ ಹೊರಗೆ ಕಳಿಸಿ ಇನ್ನೊಂದು ಸಲ ನೋಡಿ."

ಅವರನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿ, ಬೋಲ್ಟುಗಳನ್ನು ವಾಪಸ್ ಕೂರಿಸಿ, ಮತ್ತೆ ಎತ್ತಿದರು. ಈ ಸಲ ಸುತ್ತಿಗೆಯ ಎರಡನೇ ಏಟಿಗೆ ಬೋಲ್ಟು ಹಾರಿ, ಎಂಜಿನ್ನು ಹಿಂದಕ್ಕೆ ಕುಸಿದು, ಪೆನ್ಸಿಲ್ಲು ಟಕ್ ಎಂದು ಎರಡು ತುಂಡಾಯಿತು. ಹುಡುಕಿದರೆ, ಮುಂಭಾಗದ ಒಂದು ಸಣ್ಣ ಭಾಗವನ್ನು ಹಿಂದಿನ ದಿನದ ತಂಡ ಬಿಚ್ಚಿ, ಬರೆದಿಡುವುದನ್ನು ಮರೆತಿತ್ತು. ಪಟ್ಟಿ ಸರಿಯಾಗೇ ಇತ್ತು, ಮನುಷ್ಯರು ಪಟ್ಟಿಯ ಹಾಗೆ ಇರಲಿಲ್ಲ. ಮುರಿದ ಪೆನ್ಸಿಲ್ಲನ್ನು ನೋಡಿ ಸುತ್ತಿಗೆ ತನ್ನ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಸೋಮವಾರ ತಪ್ಪಿತು. ಡಾಕ್ಟರು ಬೈದು, ಮೂರು ವಾರದ ಮೇಲೆ ಒಂದು ದಿನ ಕೊಟ್ಟು, ಇದೇ ಕೊನೆ ಎಂದರು. ಅತ್ತೆ ತುಂಬಿಟ್ಟ ಚೀಲವನ್ನು ಬಿಚ್ಚದೆ ಬಾಗಿಲ ಹಿಂದೆ ಇಟ್ಟರು ಮತ್ತು ಎರಡು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಗಂಡ ರೈಲು ಓಡಿಸುವವನು, ಅವನು ಊರಲ್ಲೇ ಇರಲಿಲ್ಲ. ಫೋನಿನಲ್ಲಿ ಇಬ್ಬರ ಕಡೆಯೂ ಹೂಂಗುಟ್ಟಿ ಜಾಣನಾದ. ಸೊಸೆಯ ಕೈಯಿಂದ ತಟ್ಟೆ ಜಾರಿ ಬಿತ್ತು, ಅನ್ನ ಸೀಯಿತು. ಮೂರನೇ ದಿನ ಬೆಳಿಗ್ಗೆ ಅತ್ತೆ ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದಾಗ, ಪೇಪರ್ ಓದುತ್ತಿದ್ದ ಮಾವನ ಬಲಗೈ ತಾನಾಗಿ ಚಾಚಿ, ಪಾತ್ರೆಯ ತಳಕ್ಕೆ ಎರಡು ಬೆರಳು ಕೊಟ್ಟಿತು. ಕಣ್ಣು ಪೇಪರಿನ ಮೇಲೇ ಇತ್ತು. ಅತ್ತೆ ನಿಂತುಬಿಟ್ಟರು. ಸೊಸೆಯ ಕಡೆ ತಿರುಗಿ, "ನಲವತ್ತು ವರ್ಷದಿಂದ ಹೀಗೇ ಮಾಡ್ತಾರೆ ಕಣೇ," ಅಂದರು. "ನಾನು ಒಂದು ದಿನವೂ ಹಾಲು ಚೆಲ್ಲಿಲ್ಲ. ನನ್ನ ಕೈಗುಣ ಅಂದ್ಕೊಂಡಿದ್ದೆ." ಮೂರು ಜನಕ್ಕೂ ನಗು ಬಂತು, ಮನೆಯ ಗಾಳಿ ಹಗುರಾಯಿತು.

ಅಂದಿನಿಂದ ಸೊಸೆ ಎಂಜಿನ್ನನ್ನು ನೋಡುವುದು ಬಿಟ್ಟು ಮಾವನ ಕೈಯನ್ನು ನೋಡತೊಡಗಿದಳು. ನಿಮ್ಮ ಬೆರಳಿಗೆ ಏನು ತಿಳಿಯುತ್ತದೆ ಎಂದು ಕೇಳಿದರೆ ಮಾವನಿಗೆ ಹೇಳಲು ಬರುತ್ತಿರಲಿಲ್ಲ. ಹಾಗಾಗಿ ಅವಳೇ ಮಾವನ ಹಳೆಯ ಕಬ್ಬಿಣದ ಪಟ್ಟಿಯಲ್ಲಿ ಎಂಜಿನ್ನು ಎತ್ತಲು ನಿಂತಳು, ಮಾವ ಅವಳ ಬೆನ್ನ ಹಿಂದೆ. ಅವಳು ಬೆರಳನ್ನು ಎಂಜಿನ್ನಿನ ಮೇಲೆ ಇಟ್ಟಾಗ, ಅಲ್ಲಲ್ಲ, ಅದು ಆಮೇಲೆ, ಮೊದಲು ಬೋಲ್ಟು ಎಂದರು. ಕೊನೆಯ ಬೋಲ್ಟಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಮಾವ ಕೊಕ್ಕೆಯನ್ನು ಒಂದು ತೂತು ಮುಂದೆ ಹಾಕಿಸಿದರು, ರಾಟೆಯನ್ನು ಎರಡು ಹಲ್ಲು ಎಳೆಸಿದರು. ಆಗ ಅದೇ ಬೋಲ್ಟು ಬೆಣ್ಣೆಯೊಳಗಿನ ಕೂದಲಿನಂತೆ ಸಲೀಸಾಗಿ ಹೊರಬಂತು.

"ಬೋಲ್ಟು ಬಿಗಿಯಾಗಿದೆ ಅಂದ್ರೆ ಎಂಜಿನ್ನು ಇನ್ನೂ ಅದನ್ನ ಹಿಡ್ಕೊಂಡು ನೇತಾಡ್ತಿದೆ ಅಂತ," ಅಂದರು ಮಾವ. "ಸುತ್ತಿಗೇಲಿ ಹೊಡೆದ್ರೆ, ಹಿಡ್ಕೊಂಡಿರೋ ಕೈಯನ್ನೇ ಬಿಡಿಸಿದ ಹಾಗೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೋಬಾರದು. ಉಗುರಲ್ಲಿ ಬರ್ಲಿಲ್ವಾ, ಇನ್ನೂ ಹೊತ್ತು ಬಂದಿಲ್ಲ ಅಂತ ಅರ್ಥ."

ಇಷ್ಟು ವರ್ಷ ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದರು. ನಿಜವಾಗಿ ಬಲ್ಲವರ ತೊಂದರೆಯೇ ಇದು.

ಆ ಭಾನುವಾರ ಸೊಸೆ ಕಾರ್ಖಾನೆಯಿಂದ ಸ್ಪ್ರಿಂಗ್ ತಕ್ಕಡಿ ತಂದು ಊಟದ ಕೋಣೆಯ ಕಿಟಕಿಯ ಸರಳಿಗೆ ಕಟ್ಟಿದಳು. ಮಾವನ ಮೊಣಕೈಗೆ ದಿಂಬು ಕೊಟ್ಟು, ಕಣ್ಣು ಮುಚ್ಚಿಸಿ, ಎರಡು ಬೆರಳಲ್ಲಿ ಕೊಕ್ಕೆಯನ್ನು ಎಳೆಯಲು ಹೇಳಿದಳು. ಇದಕ್ಕಿಂತ ಹೆಚ್ಚು ಬಲ ಬೇಕಾದರೆ ಬೋಲ್ಟನ್ನು ಬಿಟ್ಟುಬಿಡುತ್ತೇನೆ ಎನ್ನಿಸುವ ಕಡೆ ನಿಲ್ಲಿಸಬೇಕು. ಮುಳ್ಳು ಎಂಟುನೂರು ಗ್ರಾಂಗೆ ಬಂದು ನಿಂತಿತು. ಎರಡನೇ ಸಲ ಎಂಟುನೂರು. ಮೂರನೇ ಸಲ ಒಂದು ಗೆರೆ ಕೆಳಗೆ. ಅತ್ತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾ ಹೋದರು. ನಡುವೆ ಟೀ ಆಯಿತು, ಊಟ ಆಯಿತು, ನಿದ್ದೆಯಿಂದ ಎಬ್ಬಿಸಿಯೂ ಒಮ್ಮೆ ಎಳೆಸಿದರು. ಇಪ್ಪತ್ತು ಸಲದಲ್ಲಿ ಮುಳ್ಳು ಒಂದು ಗೆರೆಗಿಂತ ಆಚೀಚೆ ಹೋಗಲಿಲ್ಲ. ಸೊಸೆ ಕಾರ್ಖಾನೆಯಲ್ಲಿ ದುಬಾರಿ ಅಳತೆ ಯಂತ್ರಗಳನ್ನು ನೋಡಿದವಳು. ಇಷ್ಟು ನಿಯತ್ತಿನದು ಅವುಗಳಲ್ಲೂ ಕಡಿಮೆ. ಹದಿನಾಲ್ಕು ವರ್ಷ ತನ್ನೆದುರಿಗೇ ಊಟ ಮಾಡಿದ ಕೈಯನ್ನು ತಾನು ಇವತ್ತು ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು ಅವಳಿಗೆ. ಮಾವ ಮಾತ್ರ ಕಣ್ಣು ಮುಚ್ಚಿಕೊಂಡೇ, ಪಾಸಾ ಫೇಲಾ ಎಂದು ಕೇಳುತ್ತಿದ್ದರು.

ಅಲ್ಲಿಂದ ಮುಂದಿನದು ಅವಳ ಕಸುಬು. ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಪೂರ್ತಿ ಕೂತ ಮೇಲೆ ಟಕಟಕ ಎಂದು ಸುಮ್ಮನೆ ತಿರುಗುವುದಿಲ್ಲವೇ, ಅಂಥದೇ ಒಂದು ಹಿಡಿ ಮಾಡಿದಳು. ತೋಳಿನಷ್ಟು ಉದ್ದ, ಹಿಡಿದವರ ಕೈ ಸಂದಿನ ಹತ್ತಿರವೂ ಸುಳಿಯದು. ಅದರೊಳಗೆ ಸ್ಪ್ರಿಂಗು. ಮಾವನ ಎರಡು ಬೆರಳಿನ ಬಲ ಎಷ್ಟೋ ಅಷ್ಟಕ್ಕೆ ಮಾತ್ರ ಅದು ಬೋಲ್ಟನ್ನು ತಿರುಗಿಸುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಟಕ್ ಎಂದು ಜಾರಿಬಿಡುತ್ತದೆ. ಕೊನೆಯ ಬೋಲ್ಟಿನ ತಲೆಗೆ ಒಂದು ಕವಚ ಹಾಕಿದಳು. ಈ ಹಿಡಿಯ ಹೊರತು ಬೇರೆ ಸ್ಪ್ಯಾನರಾಗಲಿ ಸುತ್ತಿಗೆಯಾಗಲಿ ಅದಕ್ಕೆ ತಾಗದು. ಗೋಡೆಯ ಮೇಲಿನ ಪಟ್ಟಿಯನ್ನು ಕಿತ್ತು ಬಿಸಾಕಿದಳು. ಯಾರು ಏನನ್ನು ಬಿಚ್ಚಿದ್ದಾರೆ ಎಂದು ಇನ್ನು ಕೇಳಬೇಕಾಗಿಲ್ಲ, ಬೋಲ್ಟೇ ಹೇಳುತ್ತದೆ.

ಎರಡನೇ ತಪಾಸಣೆ ಆಪರೇಷನ್ನಿನ ಹಿಂದಿನ ದಿನ ಬಂತು. ಮಾವನನ್ನು ಹೊರಗೆ ಕಳಿಸಲು ಸೊಸೆಗೆ ಮನಸ್ಸಿರಲಿಲ್ಲ, ಒಳಗೆ ಇಟ್ಟುಕೊಳ್ಳಲು ಧೈರ್ಯವಿರಲಿಲ್ಲ. ಉಪಾಯ ಹೇಳಿದವರು ಅತ್ತೆ. ನೆಲದ ಮೇಲೊಂದು ಗೆರೆ ಎಳೆದು ಅವರನ್ನು ಅದರ ಆಚೆ ಸ್ಟೂಲಿನ ಮೇಲೆ ಕೂರಿಸು, ಎರಡೂ ಕೈಗೆ ತುಂಬಿದ ಟೀ ಲೋಟ ಕೊಡು. ಕೈ ಕದಲಿದರೆ ಪ್ಯಾಂಟಿನ ಮೇಲೆ ಬರೆದುಕೊಳ್ಳುತ್ತದೆ ಎಂದರು. ಹಾಗೇ ಮಾಡಿದರು. ಹೊಗೆಯಾಡುವ ಎರಡು ಲೋಟ ಹಿಡಿದು, ತರಗತಿಯಲ್ಲಿ ಶಿಕ್ಷೆಗೆ ಕೂರಿಸಿದ ವಿದ್ಯಾರ್ಥಿಯ ಹಾಗೆ ಮಾವ ಕೂತರು.

ಅಧಿಕಾರಿ ಬೆಳಿಗ್ಗೆಯೇ ಬಂದು, ಯಾರಿಗೂ ಹೇಳದೆ ಎಂಜಿನ್ನಿನಿಂದ ಏನೋ ಒಂದನ್ನು ಬಿಚ್ಚಿ ತಮ್ಮ ಚೀಲದಲ್ಲಿ ಹಾಕಿಕೊಂಡಿದ್ದರು. ಹೊಸ ಪೆನ್ಸಿಲ್ಲು ಸಂದಿಗೆ ಹೋಯಿತು. ಯಾರು ಎತ್ತಬೇಕು ಎಂದು ಕೇಳಿದಾಗ ಅಧಿಕಾರಿ ಬೇಕೆಂದೇ ಬೆರಳು ಮಾಡಿದ್ದು ಸುತ್ತಿಗೆಯ ಕಡೆ.

ಸುತ್ತಿಗೆ ಮೂರು ಬೋಲ್ಟು ತೆಗೆದು, ನಾಲ್ಕನೆಯದಕ್ಕೆ ಉದ್ದನೆಯ ಹಿಡಿ ಹಾಕಿ ತಿರುಗಿಸಿದಳು. ಟಕ್. ಮತ್ತೆ ತಿರುಗಿಸಿದಳು. ಟಕ್. ಅಭ್ಯಾಸಬಲದಿಂದ ಅವಳ ಕೈ ಸೊಂಟದ ಬಳಿ ಸುತ್ತಿಗೆಗಾಗಿ ತಡಕಿತು. ಸ್ಟೂಲಿನ ಕಡೆಯಿಂದ ಟೀ ಚೆಲ್ಲಿದ ಸದ್ದು ಬಂತು. ಸೊಸೆ ತಿರುಗಿ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ಸುತ್ತಿಗೆ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಹಿಡಿಯನ್ನು ಬಿಟ್ಟು, ತಿರುಪಿನ ಬಳಿ ಹೋಗಿ ಎರಡು ಸುತ್ತು ತಿರುಗಿಸಿದಳು. ಬಂದು ನೋಡಿದಳು, ಟಕ್. ಇನ್ನೊಂದು ಸುತ್ತು. ಈ ಸಲ ಬೋಲ್ಟು ಸದ್ದಿಲ್ಲದೆ ಸುತ್ತುತ್ತಾ ಸುತ್ತುತ್ತಾ ಹೊರಬಂತು. ಎಂಜಿನ್ನಿಗೆ ತಾನು ಬಿಡುಗಡೆಯಾದದ್ದೇ ಗೊತ್ತಾಗಲಿಲ್ಲವೇನೋ, ಇದ್ದ ಕಡೆಯೇ ನಿಶ್ಚಲವಾಗಿ ತೂಗಿತು. ಅಧಿಕಾರಿ ಪೆನ್ಸಿಲ್ಲನ್ನು ಎಳೆದು ತೆಗೆದು, ಎರಡೂ ಕಡೆ ತಿರುಗಿಸಿ ನೋಡಿ, ಅದರಿಂದಲೇ ಕಾಗದದ ಮೇಲೆ ದಿನಾಂಕ ಬರೆದರು.

ಆಗ ಸೊಸೆ ತಿರುಗಿದಳು. ಮಾವನ ಪ್ಯಾಂಟಿನ ಮೇಲೆ ಅಂಗೈಯಗಲ ಟೀ ಒದ್ದೆ. ಎಡಗೈಯ ಲೋಟ ತುಂಬಿದ್ದು ಹಾಗೇ ಇತ್ತು. ಬಲಗೈಯ ಲೋಟವನ್ನು ಮೊಣಕಾಲಿನ ಮೇಲೆ ಊರಿದ್ದರು. ಅದು ತಳದವರೆಗೆ ಖಾಲಿಯಾಗಿತ್ತು. ಸೊಸೆಗೆ ಮೊದಲು ಅರ್ಥವಾಗಲಿಲ್ಲ, ಪೂರ್ತಿ ಚೆಲ್ಲಿತೇನೋ ಎಂದು ನೆಲ ನೋಡಿದಳು. ನೆಲ ಒಣಗಿತ್ತು. ಮಾವ ಅಂಗಿಯ ತೋಳಿನಿಂದ ಮೀಸೆ ಒರೆಸಿಕೊಂಡರು.

"ಟೀಗೆ ಸಕ್ಕರೆ ಜಾಸ್ತಿ ಹಾಕ್ತಾರೆ ಕಣಮ್ಮ ಇವರು," ಅಂದರು. "ಇಷ್ಟು ವರ್ಷ ಗೊತ್ತೇ ಆಗಿರ್ಲಿಲ್ಲ."

ಎಂಜಿನ್ನು ಇನ್ನೂ ಗಾಳಿಯಲ್ಲೇ ಇತ್ತು.